ಎಂಟು ಸಾಕು

ಭದ್ರಾವತಿಯಲ್ಲಿ ಆಯುಧಪೂಜೆ ದೊಡ್ಡ ಹಬ್ಬ. ಕಾರ್ಖಾನೆಯಿಂದ ನಿವೃತ್ತರಾಗಿ ವರ್ಷಗಳಾದರೂ ಅಪ್ಪ ತಮ್ಮ ಸ್ಪ್ಯಾನರ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ನಡುಮನೆಯ ಮಣೆಯ ಮೇಲೆ ಜೋಡಿಸುತ್ತಾರೆ. ಪೂಜೆಯಾದ ಮೇಲೆ ವಿಜಯದಶಮಿಯ ಬೆಳಗಿನವರೆಗೆ ಯಾರೂ ಅವನ್ನು ಮುಟ್ಟುವಂತಿಲ್ಲ. ವರ್ಷವಿಡೀ ದುಡಿದ ಆಯುಧಕ್ಕೂ ಒಂದು ದಿನ ವಿಶ್ರಾಂತಿ ಬೇಕು ಎನ್ನುತ್ತಾರೆ. ನನ್ನ ಲ್ಯಾಪ್‌ಟಾಪ್ ಆ ಮಣೆ ಏರುವವರೆಗೆ ಆ ಮಾತು ನನಗೆ ಇಷ್ಟವಾಗಿತ್ತು.

ಅದನ್ನು ಕೊಂಡದ್ದು ಶಿವಮೊಗ್ಗದ ಒಂದು ಅಂಗಡಿಯಲ್ಲಿ, ತಮ್ಮನದರ ಜೊತೆಗೇ. ಅವನು ಆಗಷ್ಟೇ ಎಂಜಿನಿಯರಿಂಗ್ ಸೇರಿದ್ದ. ನಾನು ಭೂಗೋಳದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ನನಗೆ ಹದಿನಾರು ಜಿಬಿ ರ‍್ಯಾಮ್ ಇರುವುದು ಬೇಕು ಎಂದೆ. ಅಪ್ಪ ಪೆಟ್ಟಿಗೆಯ ಮೇಲಿನ ಇನ್ನೊಂದು ಅಂಕಿಯ ಮೇಲೆ ಬೆರಳಿಟ್ಟರು.

“ಇಲ್ಲಿ ಐನೂರ ಹನ್ನೆರಡು ಅಂತಿದೆಯಲ್ಲೇ. ಅಷ್ಟಿದ್ದ ಮೇಲೆ ಎಂಟಾದ್ರೇನು, ಹದಿನಾರಾದ್ರೇನು?”

“ಅದು ಸಾಮಾನು ಇಡೋ ಅಟ್ಟ ಅಪ್ಪ. ರ‍್ಯಾಮ್ ಅನ್ನೋದು ಅಡುಗೆ ಕಟ್ಟೆ. ಅಟ್ಟ ಎಷ್ಟು ದೊಡ್ಡದಿದ್ರೂ ಹೆಚ್ಚೋದು, ಕಲಸೋದು ಎಲ್ಲ ಕಟ್ಟೆ ಮೇಲೇ. ಅಲ್ಲಿ ಜಾಗ ಸಾಲ್ದಿದ್ರೆ ಪ್ರತಿ ಸಲ ಅಟ್ಟ ಹತ್ತಿ ಇಳೀಬೇಕು.”

ಅಂಗಡಿಯವರು ನಕ್ಕರು. “ಚೆನ್ನಾಗಿ ಹೇಳಿದ್ರಿ ಮೇಡಂ. ಆದ್ರೆ ಓದೋದು, ಬರೆಯೋದು ಅಷ್ಟೇ ಆದ್ರೆ ಎಂಟು ಧಾರಾಳ ಆಯ್ತು ಸರ್. ಬೇಕಿದ್ರೆ ಆಮೇಲೆ ಹಾಕಿಸ್ಕೋಬಹುದು.”

“ಈ ಮಾಡೆಲ್‌ಗೆ ಹಾಕಿಸೋಕೆ ಬರಲ್ಲ. ಬೋರ್ಡಿಗೇ ಬೆಸುಗೆ ಹಾಕಿರ್ತಾರೆ,” ಎಂದೆ.

ಅಷ್ಟರಲ್ಲಿ ಅಪ್ಪ ಬ್ಯಾಗು ಪುಕ್ಕಟೆ ಕೊಡುತ್ತೀರೋ ಇಲ್ಲವೋ ಎಂಬ ಚೌಕಾಸಿಗೆ ಇಳಿದಿದ್ದರು. ಕಂಪ್ಯೂಟರ್ ಓದುವವನು ಎಂದು ತಮ್ಮನಿಗೆ ಹದಿನಾರು ಬಂತು. ನನಗೆ ಎಂಟು ಮತ್ತು ಬ್ಯಾಗು.

ಮರುವರ್ಷ ನವರಾತ್ರಿಯ ಹೊತ್ತಿಗೆ ನವುಲೆಯ ಕೃಷಿ ಕಾಲೇಜಿನ ಒಂದು ಸಂಶೋಧನಾ ಯೋಜನೆಯಲ್ಲಿ ಕೆಲಸ ಸಿಗುವಂತಿತ್ತು. ಗಾಜನೂರು ಅಣೆಕಟ್ಟಿನ ನಾಲೆಯ ನೀರು ಈಗ ಎಲ್ಲಿಯವರೆಗೆ ಮುಟ್ಟುತ್ತದೆ, ಯಾವ ಗದ್ದೆ ಅಡಿಕೆ ತೋಟವಾಯಿತು ಎಂಬುದನ್ನು ಉಪಗ್ರಹ ಚಿತ್ರಗಳಿಂದ ನಕ್ಷೆ ಮಾಡುವ ಕೆಲಸ. ಪರೀಕ್ಷೆಗೆಂದು ಒಂದಿಷ್ಟು ಚಿತ್ರ ಕಳಿಸಿ, ವಿಜಯದಶಮಿಯ ಸಂಜೆಯೊಳಗೆ ನಕ್ಷೆ ಕೊಡಿ ಎಂದರು. ಆ ವರ್ಷ ನಾನು ಬಯಸಿದ್ದು ಅದೊಂದನ್ನೇ.

ನನ್ನ ಯಂತ್ರ ಅಟ್ಟ ಹತ್ತಿ ಇಳಿಯತೊಡಗಿತು. ಕೆಲವು ಗಂಟೆಗಳಲ್ಲಿ ಮುಗಿಯಬೇಕಾದದ್ದು ದಿನಗಟ್ಟಲೆ ಎಳೆಯಿತು. ತಮ್ಮನದನ್ನು ಕೇಳಿದೆ.

“ಗೇಮ್ ಡೌನ್‌ಲೋಡ್ ಆಗ್ತಿದೆ ಮಾರಾಯ್ತಿ. ಹಬ್ಬ ಮುಗೀಲಿ, ತಗೊಳ್ಳುವಂತೆ.”

ನವಮಿಯ ಹಿಂದಿನ ಸಂಜೆ ಅಪ್ಪನಿಗೆ ಹೇಳಿದೆ: “ನನ್ನ ಲ್ಯಾಪ್‌ಟಾಪ್ ಪೂಜೆಗೆ ಇಡ್ಬೇಡಿ. ಅದು ಕೆಲಸ ಮಾಡ್ತಿದೆ, ಮಧ್ಯದಲ್ಲಿ ನಿಂತ್ರೆ ಮತ್ತೆ ಮೊದಲಿಂದ ಮಾಡ್ಬೇಕು.” ಆಯ್ತಮ್ಮ ಎಂದರು.

ಬೆಳಿಗ್ಗೆ ತಲೆಸ್ನಾನ ಮಾಡಿ ಬಂದರೆ, ಸ್ಪ್ಯಾನರ್‌ಗಳ ಪಕ್ಕದಲ್ಲಿ ಎರಡು ಲ್ಯಾಪ್‌ಟಾಪ್. ಎರಡರ ಮೇಲೂ ಮೂರೆಳೆ ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ.

“ಆಫ್ ಮಾಡಿದ್ರಾ?”

“ಬಟನ್ ಒತ್ತಿ ಹಿಡಿದೆ, ಆಫ್ ಆಯ್ತು. ಪರದೆ ಕಪ್ಪಗಿತ್ತು, ಏನೂ ನಡೀತಿರಲಿಲ್ಲ ಬಿಡು.”

“ಬೇಡ ಅಂದಿದ್ದೆ.”

“ಅವನದಕ್ಕೆ ಪೂಜೆ ಮಾಡಿ ನಿಂದನ್ನ ಬಿಟ್ರೆ ಮಕ್ಕಳಲ್ಲಿ ಭೇದ ಮಾಡ್ದಂಗಾಗಲ್ವೇನೇ?”

ಅವರು ನಿಜವಾಗಿಯೂ ಹಾಗೆ ನಂಬಿದ್ದರು. ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. “ಹಬ್ಬದ ದಿನ ಮುಖ ಗಂಟು ಹಾಕ್ಕೋಬೇಡ,” ಎಂದರು. ನಾನು ಆರತಿ ತೆಗೆದುಕೊಂಡೆ. ಆ ದಿನವೆಲ್ಲ ಹದಿನಾರು ಮತ್ತು ಎಂಟು ಒಂದೇ ಮಣೆಯ ಮೇಲೆ ಸಮಸಮವಾಗಿ ಸುಮ್ಮನೆ ಕೂತಿದ್ದವು.

ವಿಜಯದಶಮಿಯ ಬೆಳಿಗ್ಗೆ ಮೊದಲಿನಿಂದ ಶುರು ಮಾಡಿದೆ. ಸಂಜೆಗೆ ಅರ್ಧವೂ ಆಗಿರಲಿಲ್ಲ. ಇನ್ನಷ್ಟು ಸಮಯ ಕೊಡಿ ಎಂದು ಕೇಳಿದೆ; ಬೇರೆಯವರು ಆಗಲೇ ನಕ್ಷೆ ಕೊಟ್ಟಿದ್ದಾರೆ, ಮುಂದೆ ನೋಡೋಣ ಎಂದು ಮರ್ಯಾದೆಯಿಂದಲೇ ಉತ್ತರ ಬಂತು. ಮನೆಯಲ್ಲಿ ಹೇಳಲಿಲ್ಲ. ಯಾರೂ ಕೇಳಲಿಲ್ಲ. ಕುಂಕುಮ ಇನ್ನೂ ಮುಚ್ಚಳದ ಸಂದಿಯಲ್ಲಿದೆ.

ಈಚೆಗೆ ಪಕ್ಕದ ಮನೆಯವರು ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕೆಂದು ಸಲಹೆ ಕೇಳಲು ಬಂದರು. ನನ್ನನ್ನಲ್ಲ, ಅಪ್ಪನನ್ನು.

“ಎಂಟು ಸಾಕು ಮಾರಾಯ್ರೇ. ನಮ್ಮ ಹುಡುಗಿಗೂ ಅದನ್ನೇ ಕೊಡಿಸಿದ್ದು. ಒಂದು ದಿನಾನೂ ತೊಂದ್ರೆ ಕೊಟ್ಟಿಲ್ಲ.”

ನಾನು ಒಳಗಿನಿಂದ ಬಂದೆ. “ಹದಿನಾರೇ ತಗೊಳ್ಳಿ. ಆಮೇಲೆ ಹಾಕಿಸೋಕೆ ಬರಲ್ಲ.”

ಅಪ್ಪ ತಿರುಗಿ ನೋಡಿದರು. “ಯಾಕೆ, ನಿಂದು ಸರಿಯಾಗಿ ನಡೀತಿಲ್ವಾ?”

“ನಡೀತಿದೆ,” ಎಂದೆ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.