ದೇವರ ಮನೆಯಲ್ಲಿದ್ದ ಬ್ಯಾಟರಿಗಳು

ಹೋದ ವಾರ ನಮ್ಮ ಫ್ಲ್ಯಾಟಿಗೆ ಯುಪಿಎಸ್ ರಿಪೇರಿಯವನು ಬಂದಿದ್ದ. ಬ್ಯಾಟರಿ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿತ್ತು. ಅವನು ಮುಚ್ಚಳ ತಿರುಗಿಸಿದ ಕೂಡಲೇ ಕೊಳೆತ ಮೊಟ್ಟೆಯಂಥ ವಾಸನೆ ಎದ್ದಿತು. "ಏನಿಲ್ಲ ಮೇಡಂ, ಓವರ್ ಚಾರ್ಜ್ ಆಗಿದೆ ಅಷ್ಟೇ," ಅಂದ. ಏನಿಲ್ಲವಂತೆ! ನಾನು ಅಡುಗೆಮನೆಗೆ ಓಡಿ, ಸಾರು ಕುದಿಯುತ್ತಿದ್ದ ಒಲೆ ಆರಿಸಿ, ಕಿಟಕಿಗಳನ್ನೆಲ್ಲ ತೆಗೆದು ಬಂದೆ. ಅವನು ನನ್ನನ್ನು ಒಂಥರಾ ನೋಡಿದ. ನೋಡಿಕೊಳ್ಳಲಿ. ಆ ವಾಸನೆ ನನಗೆ ಹಳೆಯ ಪರಿಚಯ...

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಜಯನಗರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಜರಗನಹಳ್ಳಿಯಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಓನರ್ ಅಂಕಲ್ ಮತ್ತು ಓನರ್ ಆಂಟಿ ಇಬ್ಬರೇ, ಮಕ್ಕಳಿರಲಿಲ್ಲ. ಸೊಪ್ಪಿನ ಸಾರು ಮಾಡಿದ ದಿನ ಆಂಟಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು. ಇಳಿಯದಿದ್ದರೆ ಪಾತ್ರೆ ತಾವೇ ಹೊತ್ತು ಹತ್ತುತ್ತಿದ್ದರು. ಅಮ್ಮನನ್ನು ಬಿಟ್ಟು ಬಂದವಳಿಗೆ ಅಷ್ಟು ಸಾಕಾಗಿತ್ತು.

ಅಂಕಲ್ ಆ ವರ್ಷ ಕನಕಪುರ ರಸ್ತೆ ಪಕ್ಕದಲ್ಲಿ ಉಳಿದಿದ್ದ ಕೊನೆಯ ತುಂಡು ಜಮೀನು ಮಾರಿದ್ದರು. ಇನ್ನೂ ನಾಲ್ಕು ಬಾಡಿಗೆ ಮನೆ ಕಟ್ಟುತ್ತಾರೆ ಅಂದುಕೊಂಡಿದ್ದೆವು. ಅವರು ಮಾತ್ರ ಯಾರೋ ಹೇಳಿದ್ದು ಕೇಳಿ, ಊರಿನ ವೆಬ್‌ಸೈಟುಗಳನ್ನೆಲ್ಲ ತಮ್ಮ ಮನೆಯಲ್ಲಿ ಇಡುವ ಸರ್ವರ್ ಹಾಕುತ್ತೇನೆಂದು ಹೊರಟರು. "ಇದೂ ಬಾಡಿಗೇನೇ ಕಣಮ್ಮ. ಮನೆ ಬದಲು ಡಿಸ್ಕಲ್ಲಿ ಜಾಗ ಕೊಡೋದು," ಅಂತ ನನಗೇ ಪಾಠ ಹೇಳಿದರು. ತಪ್ಪೇನೂ ಹೇಳಿರಲಿಲ್ಲ. ಆಂಟಿ ಮಾತ್ರ, "ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡ್ರು ನಿಮ್ಮ ಅಂಕಲ್ಲು," ಅಂದು ಒಳಗೆ ಹೋದರು.

ಸಾಮಾನು ಆರಿಸಲು ಎಸ್‌ಪಿ ರೋಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಾನು ಪ್ರೊಸೆಸರ್, ಮೆಮೊರಿ ಅಂತ ಹೇಳುತ್ತಿದ್ದರೆ ಅಂಕಲ್ ಒಂದೊಂದೇ ಕ್ಯಾಬಿನೆಟ್ ಎತ್ತಿ ಎತ್ತಿ ನೋಡುತ್ತಿದ್ದರು. ಪಂಪ್‌ಸೆಟ್ಟನ್ನೂ ಹಾಗೇ ಕೊಂಡವರು. ತೂಕ ಇದ್ದರೆ ಮಾಲು, ಇಲ್ಲದಿದ್ದರೆ ಡಬ್ಬ. ಕ್ಯಾಬಿನೆಟ್ಟಿನ ವಿಷಯದಲ್ಲಿ ಅದು ಸರಿಯಾಗಿಯೇ ಇತ್ತು. ಪವರ್ ಸಪ್ಲೈ ಗಟ್ಟಿಯಿದ್ದರೆ ಭಾರವೂ ಇರುತ್ತದೆ. ಎರಡು ಹಾರ್ಡ್ ಡಿಸ್ಕ್ ಹಾಕಿಸಿ, ಒಂದು ಸತ್ತರೆ ಇನ್ನೊಂದು ಇರಲಿ ಅಂದಾಗ ಮರುಮಾತಿಲ್ಲದೆ ಒಪ್ಪಿದರು. ಎಡವಟ್ಟಾದದ್ದು ಬ್ಯಾಟರಿಯಲ್ಲಿ. ಅಂಗಡಿಯವನು ಸೀಲ್ ಮಾಡಿದ ಚಿಕ್ಕ ಬ್ಯಾಟರಿಗಳನ್ನು ತೋರಿಸಿ, "ಮನೆ ಒಳಗೆ ಇಡೋದಾದ್ರೆ ಇವೇ ಒಳ್ಳೇದು ಸಾರ್," ಅಂದ. ಅಂಕಲ್ ಒಂದನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕುಬಿಟ್ಟರು. "ಇದೇನು ಸ್ಕೂಟರ್‌ಗೆ ಹಾಕೋದಾ?" ಕೊನೆಗೆ ಆಟೊದಲ್ಲಿ ಬಂದದ್ದು ಮುಚ್ಚಳ ತೆಗೆದು ನೀರು ತುಂಬಿಸುವಂಥ, ಲಾರಿಯ ಬ್ಯಾಟರಿಯಷ್ಟು ದೊಡ್ಡವು. ಅವುಗಳ ಗುಣ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಯಂತ್ರ ಜೋಡಿಸಲು ಬಂದವನು ತಂಪು ಜಾಗ ಕೇಳಿದ. ಸರ್ವರ್ ಹಾಲಿನ ಮೂಲೆ ಹಿಡಿಯಿತು. ಬ್ಯಾಟರಿಗಳಿಗೆ ಜಾಗ ಸಿಕ್ಕಿದ್ದು ಗೋಡೆಯಾಚೆಯ ದೇವರ ಮನೆಯಲ್ಲಿ, ಕಲ್ಲಿನ ಕಟ್ಟೆಯ ಕೆಳಗೆ. ಕಿಟಕಿಯಿಲ್ಲದ ಪುಟ್ಟ ಕೋಣೆ, ಬಾಗಿಲು ಹಾಕಿದರೆ ತಣ್ಣಗಿರುತ್ತಿತ್ತು. ಇಲಿ ಕಾಟವಿಲ್ಲ, ಚಪ್ಪಲಿ ಕಾಲಲ್ಲಿ ಯಾರೂ ಬರುವುದಿಲ್ಲ. "ಲಕ್ಷ್ಮಿ ಬರೋ ಕೆಲಸ, ಅವಳ ಪಾದದ ಹತ್ರಾನೇ ಇರ್ಲಿ ಬಿಡು," ಅಂದರು ಅಂಕಲ್. ಆಂಟಿ ಬ್ಯಾಟರಿಗಳಿಗೂ ಅರಿಶಿನ ಕುಂಕುಮ ಇಟ್ಟರು.

ಆಮೇಲೆ ಮನೆಯಲ್ಲಿ ಏನೋ ಸರಿ ಹೋಗಲಿಲ್ಲ... ಮೊದಲು ಬೆಳ್ಳಿ ಕಪ್ಪಾಯಿತು. ವರಮಹಾಲಕ್ಷ್ಮಿಯ ಬೆಳ್ಳಿಯ ಮುಖವನ್ನು ಆಂಟಿ ವಿಭೂತಿ ಹಾಕಿ ತಿಕ್ಕಿ ಬೆಳಗುತ್ತಿದ್ದರು; ಎರಡು ದಿನ ಕಳೆಯುವುದರೊಳಗೆ ಕೆನ್ನೆ ಮೇಲೆ ಮತ್ತೆ ಕಪ್ಪು ಹತ್ತುತ್ತಿತ್ತು. ಬೆಳಿಗ್ಗೆ ಮುಡಿಸಿದ ಸೇವಂತಿಗೆ ಸಂಜೆಗೆ ಕಂದಿ ಹೋಗುತ್ತಿತ್ತು. ಪೂಜೆಗೆ ಕೂತರೆ ಕಣ್ಣುರಿ, ಕೆಮ್ಮು. ಅದರ ಜೊತೆಗೆ ಆ ಕೊಳೆತ ವಾಸನೆ. ಇಲಿ ಸತ್ತಿದೆಯೆಂದು ಅಟ್ಟವನ್ನೆಲ್ಲ ಜಾಲಾಡಿದೆವು. ಇಲಿ ಇರಲಿಲ್ಲ. ನನಗೆ ಆ ಕೋಣೆಯ ಮುಂದೆ ಹಾದು ಹೋಗುವಾಗ ಹಗಲಲ್ಲೇ ಭಯವಾಗುತ್ತಿತ್ತು.

ಆಂಟಿ ಶಾಸ್ತ್ರ ಹೇಳುವವರನ್ನು ಕೇಳಿದರು. ಮಾರಿದ ಜಮೀನಿನ ದೋಷ ಬೆನ್ನು ಹತ್ತಿದೆ, ಒಂದು ಮಂಡಲ ನಂದಾದೀಪ ಇಡಿ, ಆರಲು ಬಿಡಬೇಡಿ ಅಂದರಂತೆ. ಆಂಟಿ ದೊಡ್ಡ ಹಣತೆ ತಂದು, ಕಟ್ಟೆಯ ಮೇಲೆ, ಬ್ಯಾಟರಿಗಳಿಗೆ ಸರಿಯಾಗಿ ಮೇಲುಗಡೆ ಇಟ್ಟು ಹಚ್ಚಿದರು. ಹೆದರಿದಷ್ಟೂ ಎಣ್ಣೆ ಹೊಯ್ಯುತ್ತಿದ್ದರು.

ಒಂದು ದಿನ ಕನಕಪುರದಲ್ಲಿ ನೆಂಟರ ಮದುವೆ ಇತ್ತು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ದೀಪಕ್ಕೆ ಗಾಳಿ ತಾಗದಿರಲೆಂದು ಅವತ್ತು ದೇವರ ಮನೆಯ ಬಾಗಿಲು ಹಾಕಿ ಹೊರಟಿದ್ದೆವು, ಊಟ ಮುಗಿಸಿ ಬಂದುಬಿಡುವುದೆಂದಿದ್ದೆವು. ಅಂಕಲ್ ಚಪ್ಪರದ ಕೆಳಗೆ ಯಾರ‍್ಯಾರನ್ನೋ ಹಿಡಿದು ವೆಬ್‌ಸೈಟ್ ವಿಷಯ ಹೇಳುತ್ತಾ ಕೂತರು. ದೀಪಕ್ಕೆ ಎಣ್ಣೆ ಸಾಲದೆಂದು ಆಂಟಿ ಚಡಪಡಿಸುತ್ತಿದ್ದರು. ನಾವು ಮನೆಗೆ ಬಂದಾಗ ಸಂಜೆ ದೀಪ ಹಚ್ಚುವ ಹೊತ್ತು. ಹಗಲೆಲ್ಲ ಹೋಗಿದ್ದ ಕರೆಂಟ್ ಬಂದಿತ್ತು, ಬ್ಯಾಟರಿ ಚಾರ್ಜ್ ಆಗುವ ಗುಂಯ್ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಅಂಕಲ್ ಗೇಟಿನ ಹತ್ತಿರ ಆಟೊದವನಿಗೆ ದುಡ್ಡು ಕೊಡುತ್ತಿದ್ದರು. ಆಂಟಿ ರೇಷ್ಮೆ ಸೀರೆಯಲ್ಲೇ ಒಳಗೆ ಓಡಿದರು. "ಅಯ್ಯೋ, ಆರಿಹೋಗಿದೆಯಲ್ಲಮ್ಮ," ಅಂದದ್ದು ಕೇಳಿಸಿತು. ಕಡ್ಡಿ ಗೀರಿದ ಸದ್ದೂ ಕೇಳಿಸಿತು.

ಲಾರಿ ಟೈರು ಒಡೆದಂಥ ಶಬ್ದ. ನಾನು ಹೋಗಿ ನೋಡಿದಾಗ ಆಂಟಿ ಮುಖ ಮುಚ್ಚಿಕೊಂಡು ನೆಲದ ಮೇಲಿದ್ದರು. ಸಂಪಿನಿಂದ ನೀರು ಸೇದಿ ಸೇದಿ ಮುಖಕ್ಕೆ ಸುರಿದೆವು. ಜೀವ ಉಳಿಯಿತು. ಎರಡೂ ಕಣ್ಣು ಹೋದವು.

ಆಮೇಲೆ ಸರ್ವರನ್ನು ಕೊಂಡು ಸಾಗಿಸಲು ಬಂದವನೇ ನನಗೂ ಅಂಕಲ್‌ಗೂ ವಿಷಯ ಬಿಡಿಸಿ ಹೇಳಿದ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸ್ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ, ಒಂದು ಕಿಡಿ ಸಾಕು, ಬ್ಯಾಟರಿಯೇ ಒಡೆದು ಒಳಗಿನ ಆಸಿಡ್ ಹಾರುತ್ತದೆ. ಅಂಕಲ್ ಕೇಳಿಸಿಕೊಂಡು ಎದ್ದು ಹೋದರು. ಆದರೆ ನೋಡಲು ಬಂದ ನೆಂಟರಿಗೆಲ್ಲ ಆಂಟಿ, "ನನ್ನದೇ ತಪ್ಪು, ದೀಪ ಆರಕ್ಕೆ ಬಿಟ್ಟೆ," ಅನ್ನುತ್ತಿದ್ದರು. ಪಕ್ಕದಲ್ಲೇ ಕೂತು ಅಂಕಲ್ ತಲೆ ಆಡಿಸುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಣ್ಣು ಕಳೆದುಕೊಂಡವಳ ತಲೆಗೇ ತಪ್ಪನ್ನೂ ಕಟ್ಟುವುದೇ?

ಒಂದು ಮಧ್ಯಾಹ್ನ ಅಂಕಲ್ ಇಲ್ಲದ ಹೊತ್ತು ನೋಡಿ ಕೆಳಗಿಳಿದೆ. ಆಂಟಿ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಬ್ಯಾಟರಿಯ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರ ಬೆರಳು ನಿಲ್ಲಲಿಲ್ಲ.

"ಗೊತ್ತು ಕಣಮ್ಮ. ಆಸ್ಪತ್ರೇಲಿ ಕಣ್ಣು ತೊಳೀವಾಗ್ಲೇ ಡಾಕ್ಟ್ರು ಆಸಿಡ್ ಅಂದ್ರು. ದೀಪದೆಣ್ಣೆ ಹಿಂಗೆ ಸುಡುತ್ತಾ?"

"ಮತ್ತೆ ಎಲ್ಲರ ಹತ್ರ ಯಾಕೆ ಆಂಟಿ ನಿಮ್ಮ ತಪ್ಪು ಅಂತೀರಾ?"

"ಮೊದಲನೇ ವಾರ ಅವರು ಊಟ ಬಿಟ್ಟಿದ್ರು. ಹಳೇ ತೋಟದ ಬಾವಿ ಹತ್ರ ಹೋಗಿ ಕೂತಿದ್ರಂತೆ, ಯಾರೋ ಕರ್ಕೊಂಡು ಬಂದ್ರು. ದೀಪ ಆರಿತ್ತು, ನನ್ನ ತಪ್ಪು ಅಂದ ಮೇಲೇ ಅವರು ಒಂದು ತುತ್ತು ಬಾಯಿಗಿಟ್ಟಿದ್ದು." ತಡವಿ ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು. "ಕಣ್ಣು ಹೋಯ್ತು, ಹೋಯ್ತು. ಅವರೂ ಹೋದ್ರೆ ನನ್ನ ಕೈ ಹಿಡ್ಕೊಂಡು ಬಚ್ಚಲಿಗೆ ಕರ್ಕೊಂಡು ಹೋಗೋರ್ಯಾರು? ನೀನು ಬಾಯಿ ಬಿಡ್ಬೇಡ."

ಬಿಡಲಿಲ್ಲ. ಮದುವೆಯಾಗಿ ಬಿಳೇಕಹಳ್ಳಿಗೆ ಬಂದ ಮೇಲೂ ಆಗಾಗ ಹೋಗಿ ಬರುತ್ತಿದ್ದೆ. ಅಂಕಲ್ ಆಂಟಿಯ ತಲೆ ಬಾಚುತ್ತಿದ್ದರು, ಸೀರೆ ನೆರಿಗೆ ಹಿಡಿಯುತ್ತಿದ್ದರು. ಅದನ್ನೂ ಕಣ್ಣಾರೆ ಕಂಡಿದ್ದೇನೆ. ಆದರೂ ನನ್ನ ಸಿಟ್ಟು ಪೂರ್ತಿ ಹೋಗಲಿಲ್ಲ...

ಆಂಟಿ ಈಗ ಇಲ್ಲ. ಎರಡು ವರ್ಷವಾಯಿತು. ರಿಪೇರಿಯವನು ಹೋದ ಮೇಲೆ ಯಾಕೋ ತಡೆಯಲಾರದೆ ಅಂಕಲ್‌ಗೆ ಫೋನ್ ಮಾಡಿದೆ. ಊಟ, ಮಾತ್ರೆ, ಮಂಡಿನೋವು ಎಲ್ಲ ಆದ ಮೇಲೆ ಎಂದಿನಂತೆ ಅಲ್ಲಿಗೇ ಬಂದರು. "ಅವತ್ತು ಅವಳು ಆ ದೀಪ ಒಂದು ಆರಕ್ಕೆ ಬಿಡ್ದೇ ಇದ್ದಿದ್ರೆ... ಅಲ್ವೇನಮ್ಮ?"

ಬ್ಯಾಟರಿಯ ಮಾತು ನಾಲಿಗೆ ತುದಿಗೆ ಬಂದಿತ್ತು. ಆ ಕಡೆ ಅವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

"ಹೂಂ ಅಂಕಲ್," ಅಂದೆ.