ನೀಲಗಂಗಮ್ಮನ ಮುನ್ನೂರು ರೊಟ್ಟಿ

ಶಹಾಬಜಾರದ ಓಣಿಯಲ್ಲಿ ನೀಲಗಂಗಮ್ಮನ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಹೊತ್ತು ಎಷ್ಟಾಯಿತೆಂದು ಯಾರೂ ಕೇಳುತ್ತಿರಲಿಲ್ಲ. ಕಮಲಾಪುರದಲ್ಲಿ ಹುಟ್ಟಿ ಏಳನೇ ವಯಸ್ಸಿಗೇ ಹಿಟ್ಟು ನಾದಿದವಳು. ಅಮಾವಾಸ್ಯೆಗೊಮ್ಮೆ ತವರೂರಿನ ಮಠದ ದಾಸೋಹಕ್ಕೆ ಇಪ್ಪತ್ತು ಖಡಕ್ ರೊಟ್ಟಿ ಕಳಿಸುವುದು ಅತ್ತೆಮನೆಗೆ ಬಂದ ಮೇಲೂ ತಪ್ಪಿರಲಿಲ್ಲ.

ಅರವತ್ತೆರಡಕ್ಕೆ ಬಲಗೈ ನಡುಗತೊಡಗಿತು. ಆಮೇಲೆ ಕಟ್ಟಿಗೆಯಂತೆ ಬಿಗಿಯಿತು. ರೋಜಾ ಬಡಾವಣೆಯ ಕಡೆ ದವಾಖಾನೆ ಇಟ್ಟಿದ್ದ ಡಾಕ್ಟರ್ ಉಮ್ಮೆ ಹಾನಿ ಆಕೆಯನ್ನು ನಡೆಸಿ ನೋಡಿ, ಬೆರಳು ಆಡಿಸಿ ನೋಡಿ, ಪಾರ್ಕಿನ್ಸನ್ ಎಂದರು. ಗುಳಿಗೆ ಕೊಟ್ಟರು, ಮೆಲ್ಲಗೆ ಹೆಚ್ಚಿಸಿದರು. ಮೂರು ತಿಂಗಳಿಗೆ ಕೈ ತಿರುಗಿ ಬಂತು.

ಬಂದ ಕೈ ನಿಲ್ಲಲೇ ಇಲ್ಲ. ಇಪ್ಪತ್ತು ಹೋಗಿ ಐವತ್ತಾಯಿತು, ಐವತ್ತು ಹೋಗಿ ನೂರಾಯಿತು. ಮಂಚದ ಮೇಲೆ ರೊಟ್ಟಿ, ಟ್ರಂಕಿನ ಮೇಲೆ ರೊಟ್ಟಿ. ಸೊಸೆ ಭುವನೇಶ್ವರಿ ಮೊದಲು ನಕ್ಕಳು, ಆಮೇಲೆ ಕೈ ಮುಗಿದಳು. ದಾಸೋಹ ನೋಡಿಕೊಳ್ಳುವ ದೇವೀಂದ್ರಪ್ಪನಂತೂ ಮುನ್ನೂರು ರೊಟ್ಟಿಯ ಗಂಟು ಹೊತ್ತು ಓಣಿಗೆಲ್ಲ ಕೇಳುವಂತೆ ಸಾರಿದ: "ಶರಣರು ಈ ತಾಯಿ ಕೈಯಾಗ ಬಂದು ಕುಂತಾರ್ರೀ!"

ನೀಲಗಂಗಮ್ಮನೂ ನಂಬಿದಳು. ಸತ್ತ ಕೈ ಎದ್ದು ಬಂದಿತ್ತಲ್ಲ!

ಒಂದು ದಿನ ಬಾಲ್ಯದ ಗೆಳತಿ ದುಂಡಮ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು ಕಮಲಾಪುರದಿಂದ ಮುಂಜಾನೆಯ ಬಸ್ಸಿಗೆ ಬಂದಳು. ಮಧ್ಯಾಹ್ನವಾದರೂ ನೀಲಗಂಗಮ್ಮ ಒಲೆ ಬಿಟ್ಟು ಏಳಲಿಲ್ಲ.

"ಏ ನೀಲಾ, ನಾ ನಿನ್ನ ಮಾರಿ ನೋಡಾಕ ಬಂದೀನೋ, ಬೆನ್ನು ನೋಡಾಕ ಬಂದೀನೋ?"

"ತಡಿಯವ್ವಾ, ಇದೊಂದು."

"ಇದೊಂದು ಇದೊಂದು ಅಂತ ನಲವತ್ತಾತು. ತಾ ಇಲ್ಲಿ ಕೈ!"

ಎಳೆದು ನೋಡಿದರೆ ಅಂಗೈ ತುಂಬ ಬೊಬ್ಬೆ. ಎರಡು ಒಡೆದು ಹಿಟ್ಟು ಮೆತ್ತಿತ್ತು.

"ಶರಣರು ಕುಂತಿದ್ರ ಹಿಂಗ ಸುಡ್ತಿದ್ರೇನು? ಭಕ್ತಿ ಇದ್ದಾಕಿ ಬಂದವರಿಗೆ ಒಂದು ತಂಬಗಿ ನೀರು ಕೊಡ್ತಾಳ. ನಿನಗ ಬ್ಯಾರೇನೋ ಹಿಡದದ."

ಗೆಳತಿ ಬೈಯುವಾಗಲೂ ತನ್ನ ಕಣ್ಣು ಹಿಟ್ಟಿನ ಮೇಲೆಯೇ ಇದೆ ಎಂಬುದು ನೀಲಗಂಗಮ್ಮನಿಗೆ ಆಗ ತಿಳಿಯಿತು. ನೆನಪಿಗೇನು ಬರವಿರಲಿಲ್ಲ ಆಕೆಗೆ. ಈ ಹುಚ್ಚು ಶುರುವಾದದ್ದು ಗುಳಿಗೆ ಹೆಚ್ಚಿಸಿದ ವಾರದಿಂದ. ಆದರೆ ಹೇಳಿದರೆ ಡಾಕ್ಟರು ಗುಳಿಗೆ ಇಳಿಸುತ್ತಾರೆ, ಇಳಿಸಿದರೆ ಕೈ ಮತ್ತೆ ಕಟ್ಟಿಗೆ.

ಸೊಸೆಗೂ ಅದೇ ಅಂಜಿಕೆ. "ಅತ್ತಿ, ಕೈ ಬಂದದ, ಸುಮ್ನಿರ್ರಿ. ಮುಲಾಮು ಹಚ್ಕೊಂಡ್ರಾತು."

"ಕೈ ನಂದಽ ಖರೆ. ಬಡಿಯಾಕ ಹಚ್ಚಾವ ಯಾರು, ಅದು ಗೊತ್ತಾಗಬೇಕು" ಎಂದು ನೀಲಗಂಗಮ್ಮ ದವಾಖಾನೆಗೆ ಹೋಗಲು ಸೀರೆ ಬದಲಿಸಿದಳು.

ಡಾಕ್ಟರ್ ಬೊಬ್ಬೆ ನೋಡಿ, ಗುಳಿಗೆ ಹೆಚ್ಚಿಸಿದ ವಾರದಿಂದಿನ ಕಥೆ ಕೇಳಿ ಹಣೆ ಒತ್ತಿಕೊಂಡರು. "ಅಮ್ಮಾ, ಇದನ್ನ ನಾನೇ ಮೊದಲು ಕೇಳಬೇಕಿತ್ತು. ಮೆದುಳಿನಾಗ ಡೋಪಮೈನ್ ಅಂತ ಒಂದು ರಸ ಇರ್ತದ. ಅದನ್ನ ಹಿಡಕೊಳ್ಳೋವು ರಿಸೆಪ್ಟರು. ಕೈಕಾಲು ಆಡಿಸೋ ಜಾಗದಾಗೂ ಅವ ಅದಾವ, ಆಸೆ ಹುಟ್ಟೋ ಜಾಗದಾಗೂ ಅದಾವ. ನಿಮ್ಮ ರಸ ಕಮ್ಮಿ ಆಗ್ಯದ. ಈ ಗುಳಗಿ ಅದರ ಬದಲಿ ಹೋಗಿ ಎರಡೂ ಕಡೆ ಕೂಡ್ತದ. ಕೆಲವರಿಗೆ ಜೂಜಿನ ಚಟ ಹತ್ತತದ, ಕೆಲವರಿಗೆ ಖರೀದಿ ಚಟ."

"ನನಗ ರೊಟ್ಟಿದು." ನೀಲಗಂಗಮ್ಮ ತಲೆದೂಗಿದಳು. "ಕಾಲುವಿಗೆ ನೀರು ಬಿಟ್ರ ಬೆಳಿಗೂ ಹೋಗ್ತದ, ಕಳಿಗೂ ಹೋಗ್ತದ."

"ಬಿಲ್ಕುಲ್! ಆದ್ರ ನೀವಾಗೇ ಒಮ್ಮೆಲೇ ಬಿಡಬ್ಯಾಡ್ರಿ, ತ್ರಾಸಾಗ್ತದ. ನಾ ಸಾವಕಾಶ ಇಳಸ್ತೀನಿ, ಬ್ಯಾರೆ ಗುಳಗಿ ಸೇರಸ್ತೀನಿ. ಕೈ ಒಂದಿಷ್ಟು ನಡಗಬಹುದು."

"ನಡಗಲಿ. ನಡಗೋದು ನನ್ನ ಕೈನೇ ಅಲ್ಲೇನು?"

ಎರಡು ತಿಂಗಳಲ್ಲಿ ನಡುಕ ಅಷ್ಟಿಷ್ಟು ಮರಳಿತು. ಈಗ ದಿನಕ್ಕೆ ಹದಿನೈದು ರೊಟ್ಟಿ, ಒಂದೆರಡರ ಅಂಚು ಹರಿಯುತ್ತದೆ. ಹದಿನೈದಾದ ಮೇಲೆ ಕೈ ತೊಳೆದು ಕಟ್ಟೆಗೆ ಬಂದು ಕೂರುತ್ತಾಳೆ.

ಅಮಾವಾಸ್ಯೆಗೆ ದೇವೀಂದ್ರಪ್ಪ ಬಂದ. "ತಾಯಿ, ಈ ಸಲ ಐನೂರು ಅಂತ ಮಠದಾಗ ಹೇಳಿ ಬಂದೀನಿ."

"ಹೇಳಿದವ್ರೇ ಬಡೀರಿ. ನನ್ನವು ಇಪ್ಪತ್ತು."

"ಅಯ್ಯ, ಶರಣರು ಕೈ ಬಿಟ್ರೇನ್ರೀ?"

"ಶರಣರು ಎಲ್ಲಿದ್ರೋ ಅಲ್ಲೇ ಅದಾರ. ಕಮ್ಮಿ ಆಗಿದ್ದು ಗುಳಗಿ." ನೀಲಗಂಗಮ್ಮ ಎರಡು ದಿನದಲ್ಲಿ ಬಡಿದಿಟ್ಟ ಇಪ್ಪತ್ತು ರೊಟ್ಟಿಯ ಗಂಟು ಅವನ ಕೈಗಿಟ್ಟಳು. "ಮತ್ಯಾರರ ಹಿಂಗ ಬಡಿಯಾಕತ್ರ ಕೈ ಮುಗೀಬ್ಯಾಡ್ರಿ ದೇವೀಂದ್ರಪ್ಪನವರ, ಅವರ ಅಂಗೈ ನೋಡ್ರಿ."