ಪದ್ಮಾ ಕಾಕುವಿನ ಎಮ್ಮೆ ಕೆಡವಿದ ಬೇಲಿ

ಸಾಂಗ್ಲಿಯ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನಮ್ಮ ಯಜಮಾನರು ಭಾನುವಾರ ಮಾತ್ರ ರೈತರಾಗುತ್ತಾರೆ. ಅಂದು ಹಳೆಯ ಅಂಗಿ, ಹೊಸ ಹುರುಪು ಎರಡನ್ನೂ ತೊಟ್ಟು ಹರಿಪುರದ ನಮ್ಮ ತುಂಡು ಹೊಲಕ್ಕೆ ಹೊರಡುವ ಅವರನ್ನು ನೀವು ನೋಡಬೇಕು. ಹೊಳೆದಂಡೆಯ ಆ ಕಪ್ಪು ಮಣ್ಣು ಮಳೆಗಾಲದಲ್ಲಿ ನಾದಿದ ಹಿಟ್ಟಿನಂತಾಗುತ್ತದೆ. ಅದರಲ್ಲಿ ಕುಣಿ ತೋಡಿ, ಜಾಲಿಯ ಕಂಬಗಳನ್ನು ನಿಲ್ಲಿಸಿ, ಬುಡದ ಸುತ್ತ ಸಿಮೆಂಟು ಸುರಿದು, "ಇನ್ನ ಮೊಮ್ಮಕ್ಕಳ ಕಾಲಕ್ಕೂ ಅಳ್ಳಾಡಂಗಿಲ್ಲ ನೋಡು" ಎಂದಿದ್ದರು.

ಮೊಮ್ಮಕ್ಕಳ ಮಾತಿರಲಿ, ಮಗಳ ಮದುವೆಯವರೆಗೂ ಅವು ತಾಳಲಿಲ್ಲ. ಸಿಮೆಂಟಿನ ಬಟ್ಟಲಲ್ಲಿ ಸಿಕ್ಕಿಬಿದ್ದ ನೀರು ಹೊರಹೋಗುವ ದಾರಿ ಕಾಣದೆ, ಬೇಸರಕ್ಕೋ ಏನೋ, ಕಂಬದ ಬುಡವನ್ನೇ ತಿನ್ನುತ್ತ ಕುಳಿತಿತ್ತು. ಒಂದು ಬೆಳಗ್ಗೆ ಪಕ್ಕದ ಹೊಲದ, ನಮಗೆಲ್ಲ ಚಿಕ್ಕಮ್ಮನಂತಿರುವ ಪದ್ಮಾ ಕಾಕುವಿನ ಎಮ್ಮೆ ಮೈ ತುರಿಸಿಕೊಳ್ಳಲೆಂದು ಒಂದಕ್ಕೆ ಒರಗಿದ್ದೇ ತಡ, ಅದು ಮುರಿದು, ತಂತಿಯೊಡನೆ ಅಕ್ಕಪಕ್ಕದವನ್ನೂ ಎಳೆದುಕೊಂಡು ಮಲಗಿತು. ಎಮ್ಮೆ ಎಳೆಯ ಗೋವಿನಜೋಳವನ್ನು ಸಾವಕಾಶವಾಗಿ ಮೇಯ್ದಿತು.

"ಎಮ್ಮಿ ಕಟ್ಟಿಹಾಕಾಕ ಬರಂಗಿಲ್ಲೇನ್ರಿ ನಿಮಗ?" ಎಂದು ಯಜಮಾನರು ಕೂಗಾಡಿದರು.

"ಎಮ್ಮಿ ಒರಗಿದ್ರ ಬೀಳೂದಕ್ಕ ಬೇಲಿ ಅಂತಾರೇನಪಾ?" ಎಂದರು ಕಾಕು.

ಅಲ್ಲಿಗೆ ಎರಡು ಮನೆಗಳ ಮಾತು ನಿಂತಿತು. ನಿಮಗಿದು ಸಣ್ಣ ಸಂಗತಿಯೆನಿಸೀತು. ನನ್ನ ಬಾಣಂತನದಲ್ಲಿ ಎಣ್ಣೆ ತೀಡಿ ನೀರೆರೆದವರು ಕಾಕು. ಅವರ ದನಿಯಿಲ್ಲದ ಹೊಲ ನನಗೆ ಬಿಕೋ ಎನ್ನುತ್ತಿತ್ತು. ಕೊನೆಗೆ ನಾನೇ ಹೋಗಿ, "ಬರ್ರಿ ಕಾಕು, ಇಬ್ಬರಿಗೂ ಒಂದಽ ಬೇಲಿ ಅಲ್ಲೇನ್ರಿ?" ಎಂದು ಕರೆದೆ.

ಕಾಕು ಬಂದರು. ಯಜಮಾನರ ಮುಖ ನೋಡದೆ, "ನನ್ನ ಎಮ್ಮಿ ಕೆಡವಿದ್ದನ್ನ ನಾನಽ ಹಿಡದು ನಿಲ್ಲಸ್ತೀನಿ. ಕುಣಿ ತೋಡು" ಎಂದರು. ಬೇಲಿಯ ವಿದ್ಯೆಯಲ್ಲಿ ಅವರೇನೂ ಪಾರಂಗತರಲ್ಲ. ಅವರ ಹೊಲದ ಕಂಬಗಳೂ ಹೊಳೆಗೆ ನಮಸ್ಕರಿಸುವ ಭಂಗಿಯಲ್ಲೇ ಇದ್ದವು. ಆದರೆ ಮುರಿದ ಕಂಬವನ್ನು ಮೂವರೂ ತಿರುಗಿಸಿ ನೋಡಿದಾಗ, ನೀರು ನಿಂತಲ್ಲಿ ಮಾತ್ರ ಅದು ಕೊಳೆತಿದ್ದು ಕಂಡಿತು. ಹಾಗಾಗಿ ಈ ಸಲ ಸಿಮೆಂಟು ಬಿಟ್ಟು, ಕುಣಿಯನ್ನು ಇನ್ನಷ್ಟು ಆಳ ಮಾಡಿ, ತಳಕ್ಕೆ ಜಲ್ಲಿಕಲ್ಲಿನ ಖಡಿ ಸುರಿದೆವು. ಹೊಸ ಕಂಬ ನಿಲ್ಲಿಸಿ, ಸುತ್ತ ಮಣ್ಣನ್ನು ಸ್ವಲ್ಪಸ್ವಲ್ಪವೇ ಹಾಕಿ ಹಾರೆಯಿಂದ ಜಡಿದು, ನೀರು ಹರಿದುಹೋಗುವಂತೆ ಬುಡಕ್ಕೆ ಸಣ್ಣ ದಿಬ್ಬ ಕಟ್ಟಿದೆವು. ಮನುಷ್ಯರ ಸಿಟ್ಟಿಗೂ ಇಂಥದೊಂದು ಇಳಿಜಾರು ಇದ್ದಿದ್ದರೆ ಎಂದು ನಾನು ತತ್ತ್ವ ಶುರುಮಾಡಿದೆ. "ಮೊದಲ ಆ ಕುಣಿಗೆ ಖಡಿ ತಗೊಂಬಾ" ಎಂದು ಇಬ್ಬರೂ ಒಟ್ಟಿಗೇ ಗದರಿದರು. ಗದರಿಸಿಕೊಂಡು ನನಗಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಆ ಮಳೆಗಾಲ ಹೊಳೆ ಹೊಲದೊಳಕ್ಕೂ ಬಂದು ಹಿಂದೆ ಸರಿಯಿತು; ಕಂಬಗಳು ನಿಂತೇ ಇದ್ದವು. ಯಜಮಾನರು ಪೇಟೆಯ ಗೆಳೆಯರೊಬ್ಬರನ್ನು ಕರೆತಂದು, ಒಂದೊಂದು ಕಂಬವನ್ನೂ ತಟ್ಟಿ ತೋರಿಸಿ, "ಎಲ್ಲಾ ನಾನಽ ವಿಚಾರ ಮಾಡಿ ಹಾಕಿದ್ದರಿ" ಎಂದುಬಿಟ್ಟರು. ಆಚೆ ಬದಿಯಲ್ಲೇ ಮೇವು ಕೊಯ್ಯುತ್ತಿದ್ದ ಕಾಕು ಕುಡುಗೋಲು ನಿಲ್ಲಿಸಿ ತಲೆಯೆತ್ತಿದರು.

ಕಾಕು ನನ್ನತ್ತ ನೋಡಿದರು, ಸೆರಗಿನಿಂದ ಬಾಯೊರೆಸಿಕೊಂಡರು.

"ಖರೇನಽರಿ," ಎಂದರು ಆ ಗೆಳೆಯರಿಗೆ. "ನಾವಿಬ್ಬರೂ ಬರೇ ಚಹಾ ಕುಡ್ಕೋತ ಕುಂತಿದ್ವಿ."